ಗಡ್ಡೆ ಹಳದಿ ಚೀಲ ಸೇರುವ ಮುನ್ನ

ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದ ಪೆಟ್ ಕ್ಲಿನಿಕ್‌ಗಳಲ್ಲಿ ಸಂಜೆ ಹೊತ್ತು ಕೂತವರಿಗೆ ಈ ಪ್ರಶ್ನೆ ಹೊಸದಲ್ಲ: ‘ಡಾಕ್ಟ್ರೇ, ಇದು ಬರೀ ಕೊಬ್ಬಿನ ಗಡ್ಡೆ ಅಲ್ವಾ?’ ವಯಸ್ಸಾದ ಲ್ಯಾಬ್ರಡಾರ್ ತೊಡೆಯ ಮೇಲೊಂದು ಗಂಟು. ನೋವಿಲ್ಲ, ಊಟ ಬಿಟ್ಟಿಲ್ಲ, ಬಾಲ ಅಲ್ಲಾಡುತ್ತಲೇ ಇದೆ. ಬಹಳ ಸಲ ಅದು ಕೊಬ್ಬಿನ ಗಡ್ಡೆಯೇ.

ಕೆಲವು ಸಲ ಅಲ್ಲ. ನಾಯಿಗಳ ಚರ್ಮದಲ್ಲಿ ಮತ್ತು ಚರ್ಮದಡಿಯಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ 8ರಿಂದ 15ರಷ್ಟು ಮೃದು ಅಂಗಾಂಶದ ಸಾರ್ಕೋಮಾಗಳು. ನಾರಿನ ಅಂಗಾಂಶ, ನರದ ಹೊದಿಕೆ, ರಕ್ತನಾಳದ ಗೋಡೆ ಇಂಥ ಕಡೆ ಹುಟ್ಟುವ ಕ್ಯಾನ್ಸರ್‌ಗಳಿವು. ಇವುಗಳ ಮೋಸ ಇರುವುದು ಕವಚದಲ್ಲಿ. ಸುತ್ತ ಒಂದು ತೆಳು ಪೊರೆ ಕಾಣುತ್ತದೆ, ಬೆರಳಲ್ಲೇ ಬಿಡಿಸಿ ತೆಗೆಯಬಹುದು ಎನಿಸುತ್ತದೆ. ಆದರೆ ಆ ಪೊರೆಯಲ್ಲೇ ಗಡ್ಡೆಯ ಜೀವಕೋಶಗಳಿರುತ್ತವೆ. ಹಾಗೆ ಬಿಡಿಸಿ ತೆಗೆದರೆ ಬೇರು ಒಳಗೇ ಉಳಿಯುತ್ತದೆ. ಅದಕ್ಕೇ ಸುತ್ತಲಿನ ಎರಡು ಮೂರು ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶವನ್ನೂ ಅಡಿಯ ಒಂದು ಪದರವನ್ನೂ ಸೇರಿಸಿ ಕತ್ತರಿಸಬೇಕು ಎನ್ನುತ್ತಾರೆ ಶಸ್ತ್ರಚಿಕಿತ್ಸಕರು.

ಕತ್ತರಿಸಿದ ಮೇಲೆ ಏನಾಗುತ್ತದೆ ಎಂಬುದು ಈ ಲೇಖನದ ತಕರಾರು. ‘ಪೂರ್ತಿ ತೆಗೆದಿದ್ದೀವಿ’ ಎಂಬ ಮಾತು ಮಾಲೀಕರಿಗೆ ಸಿಗುತ್ತದೆ. ಗಡ್ಡೆಯೋ, ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲ ಸೇರಿಬಿಡುತ್ತದೆ. ನಾಯಿಯ ಮುಂದಿನ ದಿನಗಳ ಬಗ್ಗೆ ಹೇಳಬಲ್ಲ ಒಂದೇ ಸಾಕ್ಷಿ ಅಲ್ಲಿಗೆ ನಾಶ.

ಆ ಸಾಕ್ಷಿ ಏನು ಹೇಳುತ್ತದೆ? 1984ರಲ್ಲಿ ಫ್ರಾನ್ಸ್‌ನ ರೋಗಶಾಸ್ತ್ರಜ್ಞರು ಮನುಷ್ಯರ ಸಾರ್ಕೋಮಾಗಳಿಗೆ ರೂಪಿಸಿದ ಅಂಕ ಪದ್ಧತಿಯೇ ಸ್ವಲ್ಪ ಬದಲಾಗಿ ನಾಯಿಗಳಿಗೂ ಬಂದಿದೆ. ಜೀವಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ, ಗಡ್ಡೆಯ ಎಷ್ಟು ಭಾಗ ಸತ್ತಿದೆ, ಈ ಮೂರನ್ನು ನೋಡಿ ಒಂದು, ಎರಡು, ಮೂರು ಎಂದು ದರ್ಜೆ ಕೊಡುತ್ತಾರೆ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 75 ನಾಯಿಗಳ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಅರ್ಧದಷ್ಟು ನಾಯಿಗಳು ಸುಮಾರು ನಾಲ್ಕು ವರ್ಷ ಬದುಕಿದ್ದವು. ಕ್ಯಾನ್ಸರ್ ಎಂದ ಕೂಡಲೇ ಕೈಚೆಲ್ಲುವವರು ಇದನ್ನು ಗಮನಿಸಬೇಕು. 2009ರ ಇನ್ನೊಂದು ಅಧ್ಯಯನದ ಲೆಕ್ಕ ಇನ್ನೂ ನೇರ. ಗಡ್ಡೆಯ ಅಂಚಿಗೇ ಕತ್ತರಿಸಿದಾಗ ಮೊದಲ ದರ್ಜೆಯವು ಮರುಕಳಿಸಿದ್ದು ನೂರಕ್ಕೆ 7, ಎರಡನೆಯವು 34. ಮೂರನೇ ದರ್ಜೆಯ ನಾಲ್ಕರಲ್ಲಿ ಮೂರು ಮತ್ತೆ ಬಂದವು. ಸೂಕ್ಷ್ಮದರ್ಶಕದಲ್ಲಿ ಅಂಚು ಪೂರ್ತಿ ಶುದ್ಧವಾಗಿದ್ದವು ಮರುಕಳಿಸಲೇ ಇಲ್ಲ.

ಲ್ಯಾಬಿನ ವರದಿ ಬೇಕಾಗುವುದು ಇದಕ್ಕೇ. ಮೊದಲ ದರ್ಜೆಯಾದರೆ ಕಣ್ಣಿಟ್ಟು ಕಾಯಬಹುದು. ಮೂರನೆಯದಾದರೆ ಶ್ವಾಸಕೋಶದ ಎಕ್ಸ್‌ರೇ, ಮತ್ತೊಂದು ಶಸ್ತ್ರಚಿಕಿತ್ಸೆ, ಕೀಮೋ ಬಗ್ಗೆ ಆಗಲೇ ಮಾತಾಡಬೇಕು.

ಈಗ ಮಾರ್ಕರ್‌ಗಳ, ಅಂದರೆ ಗಡ್ಡೆಯ ಸ್ವಭಾವ ತಿಳಿಸುವ ಗುರುತುಗಳ ಸರದಿ. 1983ರಲ್ಲಿ ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು ವಿವರಿಸಿದ ಕೆಐ-67 ಎಂಬ ಪ್ರೋಟೀನು ವಿಭಜನೆಯ ಚಕ್ರದಲ್ಲಿರುವ ಕೋಶಗಳಲ್ಲಿ ಮಾತ್ರ ಇರುತ್ತದೆ, ವಿಶ್ರಾಂತಿಯಲ್ಲಿರುವ ಕೋಶಗಳಲ್ಲಿ ಇರುವುದಿಲ್ಲ. ಬಣ್ಣ ಹಚ್ಚಿ ಎಣಿಸಿದರೆ ಗಡ್ಡೆಯ ವೇಗದ ಅಂದಾಜು ಸಿಗುತ್ತದೆ. ಬೆಳ್ಳಿಯ ಲವಣ ಹಾಕಿ ಕೋಶಕೇಂದ್ರದ ಚುಕ್ಕೆಗಳನ್ನು ಎಣಿಸುವ ಹಳೆಯ ವಿಧಾನವೂ ಇದೆ. 60 ನಾಯಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಎರಡೂ ಎಣಿಕೆಗಳಿಗೆ ಬದುಕುಳಿಯುವ ಅವಧಿಯ ಜೊತೆ ನಂಟು ಕಂಡಿತು. ವಿಮೆಂಟಿನ್, ಡೆಸ್ಮಿನ್, ಎಸ್-100ನಂಥವು ಗಡ್ಡೆ ಯಾವ ಅಂಗಾಂಶದಿಂದ ಹುಟ್ಟಿದ್ದು ಎಂದು ಹೇಳುತ್ತವೆಯೇ ಹೊರತು ಭವಿಷ್ಯವನ್ನಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವುದು ಸುಲಭ.

ಮಾರ್ಕರ್‌ಗಳು ಉಪಯುಕ್ತ, ವಿಶೇಷವಾಗಿ ಆ ಕಡೆಯೂ ಅಲ್ಲದ ಈ ಕಡೆಯೂ ಅಲ್ಲದ ಎರಡನೇ ದರ್ಜೆಯಲ್ಲಿ. ಆದರೆ ಎಷ್ಟು ಎಣಿಕೆ ಬಂದರೆ ಅಪಾಯ ಎಂಬ ಗೆರೆಯನ್ನು ಎಲ್ಲ ಲ್ಯಾಬುಗಳೂ ಒಂದೇ ಕಡೆ ಎಳೆಯುವುದಿಲ್ಲ. ಸಾಮಾನ್ಯ ಗುಲಾಬಿ–ನೀಲಿ ಬಣ್ಣದ ಸ್ಲೈಡಿನಲ್ಲಿ ಕೋಶ ವಿಭಜನೆ ಎಣಿಸಿ, ಅಂಚು ನೋಡಿ ಬರೆದ ವರದಿಯೇ ಬಹುಪಾಲು ನಾಯಿಗಳಿಗೆ ಸಾಕು. ಅದನ್ನೇ ಮಾಡಿಸದ ಊರಿನಲ್ಲಿ ಮಾರ್ಕರ್‌ಗಳ ಚರ್ಚೆ ಸ್ವಲ್ಪ ಅವಸರದ್ದು.

ಬೆಂಗಳೂರಿಗೆ ಪರಿಣತಿಯ ಕೊರತೆ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ, ಅಲ್ಲಿ ರೋಗಶಾಸ್ತ್ರ ವಿಭಾಗವಿದೆ. ಕಷ್ಟ ಇರುವುದು ದೂರದಲ್ಲಿ. ಕೆಂಗೇರಿಯಿಂದ ನಾಯಂಡಹಳ್ಳಿ, ಸುಮನಹಳ್ಳಿ, ಗೊರಗುಂಟೆಪಾಳ್ಯ ದಾಟಿ ಹೆಬ್ಬಾಳ ಮುಟ್ಟುವುದೆಂದರೆ ಅರ್ಧ ದಿನದ ಕೆಲಸ. ಗಡ್ಡೆ ಇಟ್ಟ ಒಂದು ಡಬ್ಬಿಗಾಗಿ ಯಾರು ಹೋಗುತ್ತಾರೆ? ಪಶ್ಚಿಮ ಭಾಗದ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪಶುಸಂಗೋಪನೆ ಇಲಾಖೆ ಮಾದರಿ ಸಂಗ್ರಹ ಶುರು ಮಾಡಿ, ವಾರಕ್ಕೊಮ್ಮೆ ಒಂದು ವಾಹನದಲ್ಲಿ ಹೆಬ್ಬಾಳಕ್ಕೆ ಕಳಿಸಿದರೆ ಸಾಕು. ಖಾಸಗಿ ಕ್ಲಿನಿಕ್‌ಗಳೂ ಅಲ್ಲೇ ಕೊಡಲಿ. ಶುಲ್ಕ ಇರಲಿ, ಬೀದಿನಾಯಿಗಳಿಗೆ ಮನ್ನಾ ಆಗಲಿ. ಆರು ತಿಂಗಳಿಗೊಮ್ಮೆ ಮಾಲೀಕರಿಗೆ ಫೋನ್ ಮಾಡಿ ನಾಯಿ ಹೇಗಿದೆ ಎಂದು ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೇಲಿನ ಅಂಕಿಗಳೆಲ್ಲ ಹೊರದೇಶದ ನಾಯಿಗಳವು. ನಮ್ಮ ಬೀದಿಯ ನಾಯಿಗಳದ್ದೂ ಒಂದು ಲೆಕ್ಕ ಬೇಡವೇ?

ಇಲಾಖೆಯ ದಾರಿ ನೋಡದೆ ಮಾಡಬಹುದಾದ್ದೂ ಇದೆ. ಗಡ್ಡೆ ಎಷ್ಟು ಗಾತ್ರವೋ ಅದರ ಹತ್ತು ಪಟ್ಟು ಫಾರ್ಮಲಿನ್ ಹಿಡಿಸುವ ಅಗಲ ಬಾಯಿಯ ಡಬ್ಬಿ, ಅಂಚು ಗುರುತಿಸಲು ಒಂದಿಷ್ಟು ಶಾಯಿ, ಚೀಟಿಯಲ್ಲಿ ನಾಯಿಯ ವಯಸ್ಸು ಮತ್ತು ಗಡ್ಡೆ ಇದ್ದ ಜಾಗ. ನಾಯಿಯನ್ನು ಶಸ್ತ್ರಚಿಕಿತ್ಸೆಗೆ ಒಪ್ಪಿಸುವ ಮುಂಚೆಯೇ ಕೇಳಿ: ‘ಡಾಕ್ಟ್ರೇ, ತೆಗೆದ ಗಡ್ಡೆಯನ್ನು ಯಾವ ಲ್ಯಾಬಿಗೆ ಕಳಿಸ್ತೀರಿ? ರಿಪೋರ್ಟಿನಲ್ಲಿ ದರ್ಜೆ ಮತ್ತು ಮಾರ್ಜಿನ್ ಎರಡೂ ಬರುತ್ತಾ?’