ಬಣ್ಣದ ಖರ್ಚಂತೆ!

ಡೊಂಬಿವಲಿಯ ಬಾಡಿಗೆ ಮನೆ ಬಿಟ್ಟು ಎರಡು ವರ್ಷವಾಯಿತು. ಐವತ್ತು ಸಾವಿರ ಡಿಪಾಸಿಟ್ಟಿನಲ್ಲಿ ಇಪ್ಪತ್ತೆರಡು ಸಾವಿರವನ್ನು ಮಾಲೀಕರು 'ಬಣ್ಣದ ಖರ್ಚು' ಎಂದು ಹಿಡಿದುಕೊಂಡರು. ನಾಲ್ಕು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸದೆ ಇದ್ದೀತೇ? ತಿಂಗಳು ತಿಂಗಳು ಬಾಡಿಗೆ ಎಣಿಸಿದ್ದು ಮತ್ತೇತಕ್ಕೆ?

"ಹೋಗಲಿ ಬಿಡಿ, ಪರವೂರಲ್ಲಿ ಕೋರ್ಟು ಕಚೇರಿ ಯಾಕೆ" ಎಂದರು ಹಿರಿಯರು. ಈ 'ಹೋಗಲಿ ಬಿಡಿ'ಯೇ ಮಾಲೀಕರ ಬಂಡವಾಳ! ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಮು ನೋಡಿ. ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು; ಅದರ ಹೊಣೆ ಮಾಲೀಕನದು. ಮಾಡಿಸದಿದ್ದರೆ, ಬೇರೆ ರುಜುವಾತು ಬರುವ ತನಕ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಇಷ್ಟಿದ್ದೂ ನಾವು ರಸೀತಿ ಕೇಳಲು ನಾಚುತ್ತೇವೆ.

ಕೆಳಗೆ ಸೋತರೆ ಮೇಲೆ ನೋಡಿಕೊಳ್ಳೋಣ ಎನ್ನುವವರೂ ಇದ್ದಾರೆ. ಸಂವಿಧಾನದ 227ನೇ ವಿಧಿಯಡಿ ಕೆಳಗಿನ ತೀರ್ಪನ್ನು ಪರಿಶೀಲಿಸುವ ಹೈಕೋರ್ಟು ಸಾಮಾನ್ಯವಾಗಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಕಾಗದ ಮೊದಲ ಮೆಟ್ಟಿಲಲ್ಲೇ ಕೈಯಲ್ಲಿರಬೇಕು.

ಕೋಪಿಸಬೇಡಿ, ನನ್ನ ಮಾಲೀಕರು ಕನ್ನಡದವರೇ. ರಾಜ್ಯೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ನಮ್ಮವರು ತಾನೇ ಎಂದು ಕರಾರೇ ಬರೆಸಲಿಲ್ಲ. ಹಣ ಚೆಕ್ಕಿನಲ್ಲಿ ಕೊಟ್ಟದ್ದೊಂದೇ ಪುಣ್ಯ. ದಾವೆಗೆ ಮೂರು ವರ್ಷದ ಕಾಲಮಿತಿ ಇನ್ನೂ ಮುಗಿದಿಲ್ಲ. ಹೋದ ವಾರ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳಿಸಿದ್ದೇನೆ.