ಸಭೆಯಲ್ಲಿ ಕುಂತವರ ಗಮನ ಎತ್ತ? ವೈಫೈ ಲೆಕ್ಕ ಎಷ್ಟು ನಂಬೋದು?

ಬೆಳಗಾವಿ: ನೆಹರು ನಗರದಲ್ಲಿ ಸಮ್ಮೇಳನಗಳಿಗೆ ಬರವಿಲ್ಲ. ಜೆ.ಎನ್. ಮೆಡಿಕಲ್ ಕಾಲೇಜು ಆವರಣದ ಕೆಎಲ್‌ಇ ಶತಮಾನೋತ್ಸವ ಸಭಾಭವನದಂಥ ಕಡೆ ಕುರ್ಚಿ ತುಂಬಿದ್ದು ಫೋಟೊದಲ್ಲಿ ಕಾಣುತ್ತೆ. ಭಾಷಣ ಎಷ್ಟು ಜನ ಕೇಳಿದರು ಅನ್ನೋದು ಕಾಣಲ್ಲ.

ಅದನ್ನು ಅಳೆಯೋಕೆ ಒಂದು ದಾರಿ ಸಭಾಂಗಣದ ವೈಫೈ. ಯಾವ ಹೊತ್ತಿಗೆ ಎಷ್ಟು ಮೊಬೈಲ್ ಜೋಡಣೆಯಾಗಿದ್ದವು, ಎಷ್ಟು ಡೇಟಾ ಖರ್ಚಾಯಿತು ಅಂತ ದಾಖಲಿಸಬಹುದು. ಅದನ್ನು ಕಾರ್ಯಕ್ರಮ ಪಟ್ಟಿಯ ಪಕ್ಕ ಇಟ್ಟರೆ, ಯಾರ ಭಾಷಣಕ್ಕೆ ಡೇಟಾ ಏರಿತು, ಯಾರದ್ದಕ್ಕೆ ಇಳಿಯಿತು ಅಂತ ತಿಳಿಯುತ್ತೆ. ಏರಿದರೆ ಬೇಸರ, ಇಳಿದರೆ ಗಮನ ಅನ್ನೋದು ಲೆಕ್ಕಾಚಾರ.

ಕೇಳೋಕೆ ಚಂದ. ಆದ್ರೆ ಹೊಸ ಔಷಧದ ಹೆಸರು ಕೇಳಿದ ವೈದ್ಯರು ಅಲ್ಲೇ ಗೂಗಲ್ ಮಾಡಿದರೂ ಡೇಟಾ ಏರುತ್ತೆ. ಊಟ ಮುಗಿಸಿ ಹಿಂದಿನ ಸಾಲಲ್ಲಿ ತೂಕಡಿಸುವವರ ಮೊಬೈಲ್ ಸುಮ್ಮನಿರುತ್ತೆ. ಈ ಲೆಕ್ಕದಲ್ಲಿ ಅವರೇ ಒಳ್ಳೆ ಕೇಳುಗರು! 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲಂತೂ ವೈಫೈ ಹಂಗೇ ಬೇಕಿಲ್ಲ. ಸ್ವಂತ ಡೇಟಾದಲ್ಲಿ ರೀಲ್ಸ್ ನೋಡಿದರೆ ರೂಟರ್‌ಗೆ ಸುಳಿವೂ ಸಿಗಲ್ಲ.

2012ರ ಫೆಬ್ರುವರಿಯಲ್ಲಿ ವಿಧಾನಸಭೆಯ ಮೊಬೈಲ್ ವಿಡಿಯೊ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2014ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲೂ ಶಾಸಕರ ಮೊಬೈಲ್ ನೋಟ ಸುದ್ದಿಯಾಯಿತು. ಎರಡೂ ಸಲ ಹಿಡಿದಿದ್ದು ಟಿವಿ ಕ್ಯಾಮೆರಾ. ಫೋನಿನಲ್ಲೇ ಇರುವ ಫೋಟೊ, ವಿಡಿಯೊ ನೋಡೋಕೆ ನೆಟ್ಟೇ ಬೇಡವಲ್ಲ.

ವೈದ್ಯರ ವಿಷಯದಲ್ಲಿ ಇದು ಬರೀ ತಮಾಷೆಯಲ್ಲ. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ಅವರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಮುಂದುವರಿದ ಕಲಿಕೆಯಲ್ಲಿ ಪಾಲ್ಗೊಳ್ಳಬೇಕು. ಹಾಜರಿ ಬಿದ್ದ ಗಂಟೆಯೆಲ್ಲ ಕಲಿತ ಗಂಟೆಯಲ್ಲ, ನಿಜ. ಹಾಗಂತ ಡೇಟಾ ನೋಡಿ ಗಂಟೆ ಕತ್ತರಿಸೋಕೆ ಹೊರಟರೆ ತೂಕಡಿಸಿದವರು ಪಾಸು, ಹುಡುಕಿ ಓದಿದವರು ಫೇಲು. ಒಟಿಪಿ ಕೊಟ್ಟು ಒಳಹೋಗುವ ವೈಫೈಯಲ್ಲಿ ಯಾವ ಮೊಬೈಲ್ ಯಾರದು ಅನ್ನೋದೂ ಗೊತ್ತಾಗುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೇ ಬೇರೆ: ಯಾವ ಕೆಲಸಕ್ಕೆ ಅಂತ ಹೇಳಿ ಒಪ್ಪಿಗೆ ಪಡೆದಿದ್ದೀರೋ, ಮಾಹಿತಿ ಅದಕ್ಕಷ್ಟೇ. ನೆಟ್ ಕೊಡ್ತೀವಿ ಅಂತ ನಂಬರ್ ಪಡೆದು ಗಮನ ಅಳೆಯೋದು ಸರಿಯಲ್ಲ.

ಹೆಸರಿಲ್ಲದ ಒಟ್ಟು ಲೆಕ್ಕ ಮಾತ್ರ ಸಂಘಟಕರಿಗೆ ಉಪಯೋಗವಾದೀತು. ಮೂರೂ ದಿನ ಊಟದ ನಂತರ ಡೇಟಾ ಏರಿದರೆ ತಪ್ಪು ಕೇಳುಗರದ್ದಲ್ಲ, ವೇಳಾಪಟ್ಟಿಯದ್ದು. ಆದ್ರೆ ಡೇಟಾ ಇಳಿದಾಗ ಹಿಗ್ಗುವ ಮುಂಚೆ ಜೋಡಣೆಯಾದ ಮೊಬೈಲ್ ಎಷ್ಟು ಅಂತಲೂ ನೋಡಬೇಕು. ಕೊರಳಲ್ಲಿ ಬ್ಯಾಡ್ಜ್ ಇರುವವರು ಗೇಟಿನಾಚೆ ಚಹಾ ಅಂಗಡಿ ಮುಂದೆ ನಿಂತಿದ್ದರೂ ಒಳಗಿನ ಡೇಟಾ ಇಳಿಯುತ್ತೆ.