ಹನಿ ಬಂದರೆ ಸಾಕೆ? ಹೋಗುವ ದಾರಿ ಬೇಡವೆ?

ಮನೆಯ ಅಕ್ವೇರಿಯಮ್ಮಿಗೆ ತಾನಾಗಿಯೇ ಹನಿಹನಿಯಾಗಿ ಹೊಸ ನೀರನ್ನು ಒದಗಿಸುವ ಸಲಕರಣೆಗಳು ಈಗ ದೊರೆಯುತ್ತವೆ. ಬಕೆಟ್ಟು ಹೊರುವ ಶ್ರಮ ತಪ್ಪುವುದೆಂದು ಬಳ್ಳಾರಿಯ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇವುಗಳಿಗೆ ಮನಸೋತಿದ್ದಾರೆ. ಸಲಕರಣೆಯನ್ನು ನಾನು ಹಳಿಯುವವನಲ್ಲ. ಆದರೆ ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಲೆಕ್ಕಹಾಕದೆ ನಂಬುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಕ್ಕುದಲ್ಲ. ನಮ್ಮ ಬಿಸಿಲುನಾಡಿನಲ್ಲಂತೂ ಆ ಲೆಕ್ಕ ತಪ್ಪಿದರೆ ಮೀನು ಬದುಕಲಾರದು.

ಕುರುಗೋಡಿನಿಂದ ಬರುವ ವಿದ್ಯಾರ್ಥಿಯೊಬ್ಬನು ಗ್ಲೂಕೋಸ್ ಹಾಕುವ ಹೊಸ ನಳಿಕೆಯೊಂದನ್ನು ತಂದು, ಮೇಲಿಟ್ಟ ಕೊಡದಿಂದ ತೊಟ್ಟಿಗೆ ಕೊಳವೆಬಾವಿಯ ನೀರು ತೊಟ್ಟಿಕ್ಕುವಂತೆ ಮಾಡಿದನು. ನೀರಿನ ಮಟ್ಟ ಏರದಂತೆಯೂ ಇಳಿಯದಂತೆಯೂ ಹನಿಯನ್ನು ಜಾಣತನದಿಂದ ಹೊಂದಿಸಿದ್ದನು. ಬೇಸಗೆ ಕಳೆಯುವಷ್ಟರಲ್ಲಿ ಗಾಜಿನ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿತು. ಮೀನುಗಳು ಒಂದೊಂದಾಗಿ ಸತ್ತವು. “ದಿನವೂ ಹೊಸ ನೀರು ಬೀಳುತ್ತಿತ್ತಲ್ಲ, ಸಾರ್!” ಎಂದು ಅವನು ನೊಂದು ನುಡಿದನು. “ಹಳೆಯ ನೀರು ಎಲ್ಲಿಗೆ ಹೋಗುತ್ತಿತ್ತು?” ಎಂದು ನಾನು ಕೇಳಿದೆನು. ಅವನಲ್ಲಿ ಉತ್ತರವಿರಲಿಲ್ಲ.

ಹಳೆಯ ನೀರು ಎಲ್ಲಿಗೂ ಹೋಗಿರಲಿಲ್ಲ, ಆವಿಯಾಗಿತ್ತು, ಅಷ್ಟೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಲವಣಗಳು ಹಿಂದೆ ಉಳಿಯುತ್ತವೆ. ಮೀನು ವಿಸರ್ಜಿಸುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆ ನೈಟ್ರೇಟೂ ನೀರಿನಲ್ಲಿಯೇ ಕೂಡುತ್ತ ಹೋಗುತ್ತದೆ.

ಈ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. 1953ರಲ್ಲಿ ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಅಚ್ಚುಕಟ್ಟಿನ ಕಪ್ಪು ನೆಲ ಭತ್ತದ ಸೀಮೆಯಾಯಿತು. ಆದರೆ ಬಸಿಗಾಲುವೆಗಳು ಸಾಲದ ಕಡೆ ನೆಲದಡಿಯ ನೀರು ಮೇಲೇರಿತು. ಅದು ಆವಿಯಾದಾಗ ಉಪ್ಪು ಮಣ್ಣಿನಲ್ಲಿಯೇ ಉಳಿದು ಹೊಲಗಳು ಜವಳು-ಸವಳಾದವು. ಸಿರುಗುಪ್ಪದ ಕಡೆಯ ರೈತರಿಗೆ ಈ ಬಾಧೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಹುಡುಗನ ತೊಟ್ಟಿಯೂ ಬಸಿಗಾಲುವೆಯಿಲ್ಲದ ಪುಟ್ಟ ಗದ್ದೆಯೇ ಆಗಿತ್ತು.

ಇನ್ನು ಲೆಕ್ಕಕ್ಕೆ ಬರೋಣ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 50 ಲೀಟರ್ ನೀರಿರಲಿ. ದಿನಕ್ಕೆ 5 ಮಿಲಿಮೀಟರಿನಷ್ಟು ಆವಿಯಾಗುವುದೆಂದರೆ 0.9 ಲೀಟರ್ ನಷ್ಟ. 20 ಹನಿಗಳಿಗೆ 1 ಮಿಲಿಲೀಟರ್ ಎಂದಿಟ್ಟುಕೊಂಡರೆ ನಿಮಿಷಕ್ಕೆ 25 ಹನಿ ಬೀಳುವಾಗ ದಿನಕ್ಕೆ 1.8 ಲೀಟರ್ ಒಳಬರುತ್ತದೆ, ಅದರಲ್ಲಿ 0.9 ಲೀಟರ್ ಮಾತ್ರ ಹೊರಹರಿಯುತ್ತದೆ. ಬಂದಷ್ಟು ಲವಣ ಹೊರಹೋಗಬೇಕಾದರೆ ತೊಟ್ಟಿಯ ನೀರು ಒಳಬರುವ ನೀರಿಗಿಂತ ಎರಡರಷ್ಟು ಉಪ್ಪಾಗಲೇಬೇಕು. ನಿಮಿಷಕ್ಕೆ 50 ಹನಿ ಬಿಟ್ಟರೆ 3.6 ಲೀಟರ್ ಬಂದು 2.7 ಲೀಟರ್ ಹೊರಹೋಗುತ್ತದೆ; ಆಗ ಹೆಚ್ಚಳ ಮೂರನೆಯ ಒಂದು ಪಾಲು ಮಾತ್ರ. ಹೊರದಾರಿಯೇ ಇಲ್ಲದಿದ್ದರೆ ಹೆಚ್ಚಳಕ್ಕೆ ಮಿತಿಯೇ ಇಲ್ಲ.

ಹನಿಯಿಂದ ನೀರು ಬಕೆಟ್ಟಿನ ಪದ್ಧತಿಗಿಂತ ಶುದ್ಧವಾಗುವುದೆಂಬ ನಂಬಿಕೆಯೂ ಸರಿಯಲ್ಲ. ಆವಿಯ ಮಾತನ್ನು ಸದ್ಯಕ್ಕೆ ಬಿಡೋಣ. ವಾರಕ್ಕೊಮ್ಮೆ ಅರ್ಧ ನೀರನ್ನು ಬದಲಿಸುವ ತೊಟ್ಟಿಯಲ್ಲಿ ನೈಟ್ರೇಟು ಲೀಟರಿಗೆ 20ರಿಂದ 40 ಮಿಲಿಗ್ರಾಮಿನವರೆಗೆ ಏರಿ ಇಳಿಯುತ್ತಿದೆಯೆನ್ನಿ. ಅದೇ 25 ಲೀಟರನ್ನು ವಾರವಿಡೀ ಹನಿಸಿದರೆ ಅದು ಸದಾ 40ರಲ್ಲಿಯೇ ನಿಲ್ಲುತ್ತದೆ! ಏಕೆಂದರೆ ಹೊರಹೋಗುವ ನೀರಿನಲ್ಲಿ ಆಗತಾನೆ ಬಂದ ಹೊಸ ನೀರೂ ಬೆರೆತಿರುತ್ತದೆ. ಹನಿಯ ಗುಣ ಶುದ್ಧಿಯಲ್ಲ, ಸ್ಥಿರತೆ.

ಆ ಸ್ಥಿರತೆಗೆ ಬೆಲೆಯಿಲ್ಲವೆ? ಖಂಡಿತವಾಗಿಯೂ ಉಂಟು. 40 ಡಿಗ್ರಿ ದಾಟುವ ನಮ್ಮ ಬೇಸಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಒಂದು ಬಕೆಟ್ಟು ಕಾದ ನೀರನ್ನು ಒಮ್ಮೆಗೇ ಸುರಿಯುವುದು ಮೀನಿಗೆ ಆಘಾತ. ನಲ್ಲಿಯ ನೀರಿನ ಕ್ಲೋರಿನ್ನೂ ಒಮ್ಮೆಗೇ ಎರಗುತ್ತದೆ. ಹನಿಯಾಗಿ ಬಂದರೆ ಎರಡರ ಪೆಟ್ಟೂ ತಗ್ಗುತ್ತದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಹನಿಯ ಪದ್ಧತಿಯನ್ನು ಬಳಸಿರಿ. ಆದರೆ ನಲ್ಲಿಗೆ ನೇರವಾಗಿ ಜೋಡಿಸಬೇಡಿರಿ. ನೀರು ಬಂದ ದಿನ ಹಿಡಿದಿಡುವ ಅಭ್ಯಾಸ ನಮ್ಮ ಮನೆಗಳಿಗೆ ಹಳೆಯದೇ. ನೆರಳಿನಲ್ಲಿ, ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟ ನೀರನ್ನು ಅದರೊಳಗಿಂದಲೇ ಹನಿಸಿರಿ. ಕೊಳವೆಯಲ್ಲೋ ಕವಾಟದಲ್ಲೋ ದೋಷವುಂಟಾದರೂ ಮನೆಯೊಳಗೆ ಬರುವುದು ಆ ಪಾತ್ರೆಯಷ್ಟೇ ನೀರು. ಪಾತ್ರೆ ಬರಿದಾದಂತೆ ನೀರಿನ ಒತ್ತಡ ಇಳಿದು ಹನಿ ನಿಧಾನವಾಗುವುದನ್ನು ಮರೆಯದೆ ದಿನಕ್ಕೊಮ್ಮೆ ಗಡಿಯಾರ ಹಿಡಿದು ಹನಿಗಳನ್ನು ಎಣಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಹನಿಯನ್ನು ಹೊಂದಿಸುವ ಮೊದಲೇ ಹೊರದಾರಿಯನ್ನು ಕೊರೆಯಿರಿ.

ಬರದ ನಾಡಿನಲ್ಲಿ ಇದು ನೀರಿನ ದುಂದಲ್ಲವೆ ಎಂದು ಕೇಳಬಹುದು. ಹೊರಬರುವ ನೀರನ್ನು ಚರಂಡಿಗೆ ಬಿಟ್ಟರೆ ದುಂದೇ ಸರಿ. ಕರಿಬೇವಿನ ಗಿಡದ ಬುಡಕ್ಕೆ ಬಿಟ್ಟರೆ ಅದರ ನೈಟ್ರೇಟು ಗೊಬ್ಬರ. ಹೇಗೂ ಗಿಡಕ್ಕೆ ಹಾಕಬೇಕಾದ ನೀರು ಮೀನಿನ ಮನೆಯನ್ನು ಹಾದು ಹೋದಂತಾಯಿತು. ಅಂಥದೊಂದು ಗಿಡವನ್ನು ಸಾಕಲಾರದವರು ಈ ಸಲಕರಣೆಯನ್ನು ಕೊಳ್ಳದಿರುವುದೇ ಲೇಸು.